ಸಾಕು ಎಂದವರ ಕಂದಾಯ

ಮನುಷ್ಯನಿಗೆ 'ಸಾಕು' ಎನ್ನಿಸುವ ಗಳಿಗೆಯನ್ನು ಅಳೆಯಲು ಬಂದರೆ, ಸರ್ಕಾರ ಯಾರಿಂದ ಎಷ್ಟು ತೆಗೆದುಕೊಳ್ಳಬೇಕೆಂಬ ಹಳೆಯ ಜಗಳ ಅಲ್ಲಿಗೆ ಮುಗಿಯುತ್ತದೆ ಎಂದು ಮೊದಲು ಹೇಳಿದವರು ಮೈಸೂರಿನ ವಿಜ್ಞಾನಿ ಉಮಾಪತಿಯವರು. ಹೇಳಿದಾಗ ನಕ್ಕವರೇ ಹೆಚ್ಚು. ಆದರೆ ಮಾತಿನಲ್ಲಿ ನ್ಯಾಯವಿತ್ತು. ವರಮಾನದ ಮೇಲೆ ತೆರಿಗೆ ಹಾಕಿದರೆ ಉಳ್ಳವರು ವರಮಾನವನ್ನೇ ಬಚ್ಚಿಡುತ್ತಾರೆ. ಸರಕಿನ ಮೇಲೆ ಹಾಕಿದರೆ ಸೋಪು ಕೊಳ್ಳುವ ಕೂಲಿಯವನೂ ಗಿರಣಿಯ ಧಣಿಯೂ ಒಂದೇ ಸಮ ತೆರುತ್ತಾರೆ. ಒಂದು ರೂಪಾಯಿ ಎಲ್ಲರ ಕೈಯಲ್ಲೂ ಒಂದೇ ತೂಕ ತೂಗುವುದಿಲ್ಲ. ಹೊಟ್ಟೆ ತುಂಬಿದವನ ಎಲೆಯಿಂದ ಒಂದು ತುತ್ತು ತೆಗೆದರೆ ಅವನಿಗೆ ತಿಳಿಯುವುದೂ ಇಲ್ಲ. ಹಸಿದವನ ಎಲೆಯಿಂದ ತೆಗೆದರೆ ಅದು ಪಾಪ. ಹಾಗಿದ್ದ ಮೇಲೆ ಯಾರಿಗೆ ತುಂಬಿದೆ ಎಂಬುದನ್ನೇ ಕಂಡುಕೊಂಡು, ತುಂಬಿ ಉಕ್ಕಿದ್ದನ್ನು ಮಾತ್ರ ತೆಗೆದುಕೊಂಡರಾಗದೆ?

ಅವರು ಅದಕ್ಕಾಗಿ ಒಂದು ಮಣಿ ಮಾಡಿದರು. ಕಡಲೆಗಿಂತ ಸ್ವಲ್ಪ ದೊಡ್ಡದು. ಕಂಕಣದ ಹಾಗೆ ಮಣಿಕಟ್ಟಿಗೆ ಕಟ್ಟಿಕೊಂಡರೆ ನಾಡಿಯ ಬಡಿತ, ರಕ್ತದ ಓಟ, ಚರ್ಮದ ಬಿಸಿ, ಹೊಟ್ಟೆಯಿಂದ ಮಿದುಳಿಗೆ ಹೋಗುವ ನರದ ಮಿಡಿತ ಎಲ್ಲವನ್ನೂ ಓದುತ್ತದೆ. ಊಟ ಮಾಡುತ್ತಿರುವವನು ಸಾಕು ಎನ್ನುವಾಗ ಮೈಯೊಳಗೆ ಒಂದು ಸಣ್ಣ ಅಲೆ ಏಳುತ್ತದೆ. ಉಸಿರು ಒಂದು ಕ್ಷಣ ತಡೆಯುತ್ತದೆ, ಕಿವಿಯ ಹಾಲೆ ಬಿಸಿಯಾಗುತ್ತದೆ, ದೃಷ್ಟಿ ಕೆಳಗಿಳಿಯುತ್ತದೆ. ನೂರಾರು ಜನರನ್ನು ಪಂಕ್ತಿಯಲ್ಲಿ ಕೂರಿಸಿ, ಬಡಿಸಿ, ಆ ಅಲೆಯ ಗುರುತನ್ನು ಅವರು ಹಿಡಿದರು. ಹೊಟ್ಟೆ ತುಂಬಿದಾಗ ಏಳುವ ಅಲೆಯೇ ಮನೆ ತುಂಬಿದಾಗಲೂ, ಕೈ ತುಂಬಿದಾಗಲೂ ಏಳುತ್ತದೆ ಎಂದು ವಾದಿಸಿದರು. ಅಲೆ ಎದ್ದಾಗ ಮಣಿ ಹಳದಿ ಬೆಳಕು ಕೊಡುತ್ತದೆ. ತಿಂಗಳಲ್ಲಿ ಎಷ್ಟು ಬೆಳಗಿತೋ ಅಷ್ಟು ಕಂದಾಯ. ಕಾಗದದಲ್ಲಿ ಅದರ ಹೆಸರು ತೃಪ್ತಿಮಾಪಕ. ಜನ ಸಾಕುಮಣಿ ಎಂದರು.

ರಾಜ್ಯ ಸರ್ಕಾರ ಉಳಿದ ತೆರಿಗೆಗಳನ್ನೆಲ್ಲ ತೆಗೆದು ಇದೊಂದನ್ನೇ ಇಟ್ಟುಕೊಂಡಿತು. ಅಚ್ಚರಿಯೆಂದರೆ ಬೊಕ್ಕಸ ತುಂಬಿತು. ಜಗಳವಾಡದೆ, ವಕೀಲರನ್ನು ಇಟ್ಟುಕೊಳ್ಳದೆ ಜನ ಕಟ್ಟಿದರು. ಆಸ್ಪತ್ರೆಗಳಿಗೆ ಸುಣ್ಣಬಣ್ಣವಾಯಿತು, ನಿಂತುಹೋಗಿದ್ದ ಬಸ್ಸುಗಳು ಓಡಿದವು. ಈಗ ದೇಶಕ್ಕೆಲ್ಲ ಇದನ್ನೇ ತರೋಣವೆಂದು ದೆಹಲಿಯಿಂದ ಒಂದು ಸಮಿತಿ ಬರುವುದಿತ್ತು.

ಮಣಿಯ ಸಂಶೋಧನೆ ನಡೆದ ಸಂಸ್ಥೆಯ ದೊಡ್ಡ ಕೋಣೆಯಲ್ಲಿ ಗೋಡೆಯುದ್ದಕ್ಕೂ ರಾಜ್ಯದ ನಕ್ಷೆ. ಅದರ ಮೇಲೆ ಮಣಿಗಳ ಬೆಳಕು ಹೊತ್ತಿ ಆರುತ್ತಿರುತ್ತಿತ್ತು. ಉಮಾಪತಿಯವರು ಬೆಳಿಗ್ಗೆ ಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ಬಂದು ಅದರ ಮುಂದೆ ನಿಲ್ಲುತ್ತಿದ್ದರು. ದೊಡ್ಡ ಬಂಗಲೆಗಳ ಬಡಾವಣೆಗಳು ಕತ್ತಲಾಗಿರುತ್ತಿದ್ದವು. ಶ್ರೀಮಂತರಿಗೆ ಎಷ್ಟಿದ್ದರೂ ತೃಪ್ತಿಯಿಲ್ಲ, ವಿಜ್ಞಾನವೇ ಹೇಳಿತು ಎಂದು ಪತ್ರಿಕೆಗಳು ಬರೆದವು. ದಾಸೋಹದ ಮನೆಗಳ ಮುಂದಿನ ಸಾಲು ಬೆಳಗುತ್ತಿತ್ತು. ಅದು ದೇವರ ಪ್ರಸಾದದ ಮಹಿಮೆ ಎಂದುಕೊಂಡರು. ಗಿರವಿ ಅಂಗಡಿಗಳ ಬಾಗಿಲೂ ಬೆಳಗುತ್ತಿತ್ತು. ಕೇಳಿದ ಸಾಲ ಸಿಕ್ಕಿತಲ್ಲ, ಅದಕ್ಕೆ ಎಂದರು. ಎಲ್ಲಕ್ಕಿಂತ ತಮಾಷೆಯೆಂದರೆ ದೀಪಾವಳಿಯ ಸಮಯದಲ್ಲಿ ಹೊಸ ಅಳಿಯಂದಿರ ಮಣಿಗಳು ಹಿಲಾಲಿನ ಹಾಗೆ ಉರಿಯುತ್ತಿದ್ದವು. ಕಂದಾಯದ ಕಮಿಷನರ್ ಇಂದುಮತಿ ಅದನ್ನು ನೋಡಿ, ಅತ್ತೆಮನೆ ಹೋಳಿಗೆಗೆ ಸರ್ಕಾರ ಋಣಿಯಾಗಿರಬೇಕು ಎಂದು ನಕ್ಕಿದ್ದರು. ಉಮಾಪತಿಯವರೂ ನಕ್ಕಿದ್ದರು.

ಅವರ ಅಕ್ಕ ಗಿರಿಜಮ್ಮ ಇಟ್ಟಿಗೆಗೂಡು ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸೀರೆಗೆ ಫಾಲ್ಸ್ ಹಚ್ಚಿ, ರವಿಕೆ ಹೊಲಿದು ಬದುಕುತ್ತಿದ್ದರು. ಗಂಡ ಬೇಗ ಹೋದರು, ಮಕ್ಕಳಿಲ್ಲ. ತಮ್ಮನನ್ನು ಓದಿಸಿದ್ದು ಅದೇ ಹೊಲಿಗೆಯಿಂದ. ಅವರ ಮಣಿ ಬೆಳಗುತ್ತಲೇ ಇರುತ್ತಿತ್ತು. ಉಮಾಪತಿಯವರಿಗೆ ಅದು ಹೆಮ್ಮೆಯ ವಿಷಯ. ಪುರಭವನದಲ್ಲಿ ಸನ್ಮಾನ ಮಾಡಿದಾಗ ಅವರು ಅದನ್ನೇ ಹೇಳಿದ್ದರು: ಹೊಲಿಗೆ ಹೊಲಿಯುವ ನನ್ನ ಅಕ್ಕ ಒಬ್ಬ ಸಕ್ಕರೆ ಕಾರ್ಖಾನೆಯ ಮಾಲೀಕನಿಗಿಂತ ಹೆಚ್ಚು ಕಂದಾಯ ಕಟ್ಟುತ್ತಾಳೆ, ಏಕೆಂದರೆ ಶಿವ ಕೊಟ್ಟಿದ್ದು ಸಾಕು ಎನ್ನುವ ಗುಣ ಅವಳದು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಗಿರಿಜಮ್ಮ ಸೆರಗು ಎಳೆದುಕೊಂಡು ತಲೆ ತಗ್ಗಿಸಿದರು. ಮಣಿ ಸೆರಗಿನೊಳಗಿಂದಲೂ ಕಾಣುವಷ್ಟು ಬೆಳಗಿತು.

ಸಮಿತಿ ಬರುವ ಹಿಂದಿನ ವಾರ ಉಮಾಪತಿಯವರ ತೀರಿಕೊಂಡ ಹೆಂಡತಿ ಸರ್ವಮಂಗಳೆಯ ವರ್ಷದ ಪೂಜೆ ಬಂತು. ಸರಸ್ವತಿಪುರದ ಮನೆಯಲ್ಲಿ ಜಂಗಮರ ಪೂಜೆ ಮುಗಿದು, ನೆಂಟರು ಪಂಕ್ತಿಗೆ ಕೂತರು. ಬಡಿಸಲು ಗೊತ್ತು ಮಾಡಿದ್ದ ಹುಡುಗರು ಚುರುಕಾಗಿದ್ದರು. ಸಾಕು ಎಂದ ಕೂಡಲೇ ಸೌಟು ಎತ್ತಿ ಮುಂದಕ್ಕೆ ಹೋಗುತ್ತಿದ್ದರು. ಗಿರಿಜಮ್ಮ ತಮ್ಮನ ಎದುರಿನ ಸಾಲಿನಲ್ಲಿ ಕೂತಿದ್ದರು. ಅನ್ನದ ಹುಡುಗ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕಪ್ಪ ಎಂದರು. ಮಣಿ ಹಳದಿಯಾಯಿತು. ಹುಡುಗ ಹೋದ.

ಉಮಾಪತಿಯವರು ಅಕ್ಕನ ಎಲೆ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಒಂದು ಅಗುಳೂ ಇರಲಿಲ್ಲ. ಒಗ್ಗರಣೆಯ ಕರಿಬೇವು ಕೂಡ ಇರಲಿಲ್ಲ.

ಅಷ್ಟರಲ್ಲಿ ಪುಟ್ಟತಾಯಮ್ಮ ಒಳಗಿನಿಂದ ಬಂದರು. ಸರ್ವಮಂಗಳೆಯ ತಾಯಿ, ಮಗಳು ಹೋದ ಮೇಲೆ ಬೆನ್ನು ಬಾಗಿದ್ದರೂ ಅನ್ನದ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡಿದ್ದರು. ನೇರ ಗಿರಿಜಮ್ಮನ ಮುಂದೆ ನಿಂತರು.

"ಬ್ಯಾಡಿ ಅತ್ತೆ, ಸಾಕಾಯ್ತು," ಎಂದರು ಗಿರಿಜಮ್ಮ.

"ನಿಮಗೆ ಸಾಕಾಗಿರಬೋದು. ನನಗೆ ಆಗಿಲ್ಲ. ಕೈ ತೆಗೀರಿ."

ಕೈ ತೆಗೆಯುವವರೆಗೆ ಕಾಯದೆ ಬೆರಳ ಸಂದಿಯಲ್ಲೇ ಅನ್ನ ಹಾಕಿದರು. ಹುಳಿ ಸುರಿದರು. ಇನ್ನೊಮ್ಮೆ ಬ್ಯಾಡಿ ಎಂದಿದ್ದಕ್ಕೆ ಇನ್ನೊಮ್ಮೆ ಹಾಕಿದರು. ಗಿರಿಜಮ್ಮ ತಲೆ ಬಗ್ಗಿಸಿ ತಿನ್ನತೊಡಗಿದರು. ಮೊದಲು ನಿಧಾನವಾಗಿ, ಆಮೇಲೆ ಸುತ್ತ ಯಾರಿದ್ದಾರೆಂಬುದನ್ನೂ ಮರೆತು. ಅವರು ತಿನ್ನುತ್ತ ಹೋದಂತೆ ಮಣಿಯ ಬೆಳಕು ಇಳಿಯಿತು. ಹೊಟ್ಟೆ ತುಂಬುತ್ತಿತ್ತು, ಬೆಳಕು ಆರುತ್ತಿತ್ತು. ಎಲೆ ಮಡಚುವ ಹೊತ್ತಿಗೆ ಮಣಿ ಪೂರ್ತಿ ಕಪ್ಪಾಗಿತ್ತು.

ಉಮಾಪತಿಯವರ ಕೈ ಎಲೆಯ ಮೇಲೇ ನಿಂತಿತು. ಅವರಿಗೆ ಮೊದಲು ಹೊಳೆದದ್ದು ಯಂತ್ರ ಕೆಟ್ಟಿದೆ ಎಂದು. ಮರುಕ್ಷಣದಲ್ಲಿ ಹೊಳೆದದ್ದನ್ನು ಅವರು ನುಂಗಲಾರದೆ ಪಾಯಸ ಬಿಟ್ಟು ಎದ್ದರು.

ಹಿತ್ತಲಿನ ನಲ್ಲಿಯ ಹತ್ತಿರ ಪುಟ್ಟತಾಯಮ್ಮ ಕೈ ತೊಳೆಯುತ್ತಿದ್ದರು. ಅಳಿಯನನ್ನು ಕಂಡು ದನಿ ತಗ್ಗಿಸಿದರು.

"ಅಳಿಯಂದ್ರೆ, ನಿಮ್ಮಕ್ಕ ಮಿಷಿನ್ ಮಾರಿದ್ದು ಗೊತ್ತೇನು?"

"ಯಾವ ಮಿಷಿನ್?"

"ಹೊಲಿಯೋ ಮಿಷಿನ್. ಇನ್ಯಾವುದು? ಕಂದಾಯಕ್ಕೆ ಸಾಲದೆ ಮಾರವ್ರೆ. ಈಗ ಕೈಯಲ್ಲೇ ಫಾಲ್ಸ್ ಹಾಕ್ತಾ ಅವ್ರೆ. ನನ್ನ ಮಗಳು ಇದ್ದಾಗ ಏನಾದ್ರೂ ನೆಪ ಹೇಳಿ ಡಬ್ಬಿ ಕಟ್ಟಿ ಕಳಿಸೋಳು. ನಿಮಗೆ ಗೊತ್ತಿತ್ತು ಅಂದ್ಕೊಂಡಿದ್ದೆ."

ಅವರಿಗೆ ಗೊತ್ತಿರಲಿಲ್ಲ. ಸರ್ವಮಂಗಳೆ ಹೋದ ಮೇಲೆ ಅಕ್ಕ ಹಬ್ಬಹುಣ್ಣಿಮೆಗೆ ಬಂದು ಉಣ್ಣುತ್ತಿದ್ದದ್ದು ಅವರ ಎದುರಿಗೇ. ಪ್ರತಿ ಸಲವೂ ಸಾಕು ಎಂದಿದ್ದಳು. ಪ್ರತಿ ಸಲವೂ ಅವರು ಸರಿ ಎಂದಿದ್ದರು. ಅಕ್ಕನಿಗೆ ತೃಪ್ತಿ ಹೆಚ್ಚು ಎಂದು ಮಣಿ ನೋಡಿ ಸಂತೋಷಪಟ್ಟಿದ್ದರು.

ಮರುದಿನ ಸಂಸ್ಥೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತರು. ಮೊದಲ ಪರೀಕ್ಷೆ ಕಣ್ಣ ಮುಂದೆ ಬಂತು. ಪಂಕ್ತಿಯಲ್ಲಿ ಕೂತವರು ಯಾರು? ಗುರುತಿಲ್ಲದ ದೊಡ್ಡ ಕಟ್ಟಡಕ್ಕೆ ಮೊದಲ ಬಾರಿ ಬಂದ ಸಾಮಾನ್ಯ ಜನ. ಬಡಿಸಿದವರು ಬಿಳಿ ಕೋಟು ತೊಟ್ಟ ಸಹಾಯಕರು. ಉಪಚಾರ ಮಾಡಬಾರದು, ಒತ್ತಾಯ ಮಾಡಬಾರದು, ಮಾಡಿದರೆ ಲೆಕ್ಕ ಕೆಡುತ್ತದೆ ಎಂದು ಅವರಿಗೆ ಕಲಿಸಿದ್ದು ಸ್ವತಃ ಉಮಾಪತಿಯವರು. ಮೊದಲ ಸಲ ಸಾಕು ಎಂದೊಡನೆ ನಿಲ್ಲಿಸಿ, ಆ ಗಳಿಗೆಯನ್ನೇ ತೃಪ್ತಿ ಎಂದು ಗುರುತಿಸಿದ್ದರು. ಈ ನಾಡಿನಲ್ಲಿ ಮಾನವಂತರು ಯಾರೂ ಮೊದಲ ಸಲ ಹೊಟ್ಟೆ ತುಂಬಿ ಸಾಕು ಎನ್ನುವುದಿಲ್ಲ. ಬಡಿಸುವವರು ಇನ್ನೊಂದು ಸಲ ಕೇಳಲಿ, ಕೇಳುತ್ತಾರೆ ಎಂಬ ನಂಬಿಕೆಯ ಮೇಲೆ ಸಾಕು ಎನ್ನುತ್ತಾರೆ. ಅವರ ತಾಯಿ ಅವರಿಗೆ ಕೈಹಿಡಿದು ಕಲಿಸಿದ್ದು ಅದನ್ನೇ. ಅಷ್ಟು ಓದಿದ ಅವರಿಗೆ ಅದು ಮರೆತುಹೋಗಿತ್ತು.

ಮಣಿ ಹಿಡಿದ ಅಲೆ ತೃಪ್ತಿಯದಲ್ಲ. ಸಂಕೋಚದ್ದು.

ಅವರು ಎದ್ದು ನಕ್ಷೆಯ ಮುಂದೆ ನಿಂತರು. ಈಗ ಅದನ್ನು ಓದಲು ಯಾರ ಸಹಾಯವೂ ಬೇಕಿರಲಿಲ್ಲ. ಗಿರವಿ ಅಂಗಡಿಯ ಬಾಗಿಲಲ್ಲಿ ಕರಿಮಣಿ ಬಿಚ್ಚುತ್ತಿರುವವಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಔಷಧಿಯ ಬೆಲೆ ಕೇಳಿ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿರುವವನು. ಪರೀಕ್ಷೆಯ ಫೀಸಿಗೆ ನೆಂಟರ ಮನೆಯ ಹೊಸ್ತಿಲಲ್ಲಿ ನಿಂತ ತಂದೆ. ಅತ್ತೆಮನೆಯಲ್ಲಿ ಹಸಿದುಕೊಂಡೇ ಎದ್ದ ಅಳಿಯ. ನಾಡಿನ ನಾಚಿಕೆಯೆಲ್ಲ ಗೋಡೆಯ ಮೇಲೆ ದೀಪವಾಗಿ ಉರಿಯುತ್ತಿತ್ತು. ಅವರು ದಿನವೂ ಅದಕ್ಕೆ ಕೈಮುಗಿದಷ್ಟು ಭಕ್ತಿಯಿಂದ ನಿಂತು ನೋಡಿದ್ದರು. ನಾಚಿಕೆ ಬಿಟ್ಟವರು ಏನನ್ನೂ ತೆತ್ತಿರಲಿಲ್ಲ.

ಇಂದುಮತಿಯವರನ್ನು ಕರೆಸಿ ಹೇಳಿದರು. ಆಕೆ ಕೊನೆಯವರೆಗೂ ಕೇಳಿದರು. ಆಮೇಲೆ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟರು.

"ಸರ್, ಒಂದು ಮಾತು ಹೇಳಲಾ? ಮಾನ ಇರೋರು ಕಟ್ತಾರೆ, ಇಲ್ಲದೋರು ಕಟ್ಟಲ್ಲ. ನಾನು ಇಲಾಖೆಗೆ ಸೇರಿದಾಗಿಂದ ನೋಡ್ತಾ ಇದ್ದೀನಿ, ಯಾವ ತೆರಿಗೆ ಬಂದ್ರೂ ಕೊನೆಗೆ ಕಟ್ಟೋರು ಅವರೇ. ಈಗ ಮಣಿ ಬಂದಿದೆ ಅಷ್ಟೆ."

"ಅದು ಸರಿಯೇನಮ್ಮ?"

"ಸರಿ ಅಂತ ನಾನೆಲ್ಲಿ ಅಂದೆ? ಆಸ್ಪತ್ರೆ ನಡೀತಾ ಇದೆ ಅಂದೆ." ಲೋಟವನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು. ಬರೀ ಅಂಕಿಗಳನ್ನು ಮುಂದಿಟ್ಟರೆ ಸಮಿತಿಯವರು ಬೇರೆ ಅರ್ಥ ಹೇಳಿ ಕಳಿಸುತ್ತಾರೆ. ಹಸಿದ ಒಬ್ಬರು, ಬೆಳಗಿದ ಒಂದು ಮಣಿ, ಎರಡೂ ಒಟ್ಟಿಗೆ ಅವರ ಕಣ್ಣೆದುರು ಇರಬೇಕು. ನಿಮ್ಮ ಅಕ್ಕನವರು ಬಂದು ಕೂತರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಪುರಭವನದಲ್ಲಿ ಅವರ ಹೆಸರು ಹೇಳಿದ್ದೀರಲ್ಲ, ಎಲ್ಲರಿಗೂ ಗುರುತಿದೆ ಎಂದರು.

ಉಮಾಪತಿಯವರು ಇಟ್ಟಿಗೆಗೂಡಿಗೆ ಹೋದರು. ಕಿಟಕಿಯ ಕೆಳಗೆ ಮಿಷಿನ್ ಇದ್ದ ಜಾಗದಲ್ಲಿ ನೆಲ ಮಾತ್ರ ನುಣುಪಾಗಿತ್ತು. ಗಿರಿಜಮ್ಮ ಗೋಡೆಗೆ ಒರಗಿ ಯಾರದೋ ರೇಷ್ಮೆ ಸೀರೆಗೆ ಸೂಜಿ ಹಾಕುತ್ತಿದ್ದರು. ತಮ್ಮ ಬಂದನೆಂದು ಚಾಪೆ ಹಾಸಿದರು, ಊಟ ಆಗಿದೆಯೇ ಎಂದು ಕೇಳಿದರು. ಉಮಾಪತಿಯವರು ತಲೆ ಎತ್ತದೆಯೇ ಎಲ್ಲವನ್ನೂ ಹೇಳಿದರು. ಮಣಿಯ ತಪ್ಪು ಹೇಳಿದರು, ತಮ್ಮ ತಪ್ಪು ಹೇಳಿದರು. ಸಮಿತಿಯ ಮುಂದೆ ಬರಬೇಕೆಂದು ಕೇಳಿದರು.

ಗಿರಿಜಮ್ಮ ದಾರವನ್ನು ಹಲ್ಲಿನಿಂದ ಕಡಿದರು.

"ಬಂದು ಏನಂತ ಹೇಳಲಿ?"

"ನಡೆದದ್ದು, ಅಕ್ಕ."

"ತಮ್ಮನ ಮನೇಲಿ ಹಸ್ಕೊಂಡು ಎದ್ದೆ ಅಂತಲೇ?"

ಗಿರಿಜಮ್ಮ ಸೂಜಿಗೆ ಹೊಸ ದಾರ ಪೋಣಿಸಿದರು.

"ಬೇಡ ಉಮಾ. ಕಂದಾಯ ಹೆಂಗೋ ಕಟ್ಕೋತೀನಿ. ಇದೊಂದು ನನ್ನ ಹತ್ರ ಉಳ್ದಿದೆ, ಇರಲಿ ಬಿಡು. ಒಂದು ಸಲ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡಿಸಿದೆ. ಇನ್ನೊಂದು ಸಲ ಹೇಳಿ ಅಯ್ಯೋ ಪಾಪ ಅನ್ನಿಸ್ಬೇಡ."

ಅವರು ಬೈಯಲಿಲ್ಲ. ಬೈದಿದ್ದರೆ ಉಮಾಪತಿಯವರಿಗೆ ಎದ್ದು ಬರಲು ಅಷ್ಟು ಕಷ್ಟವಾಗುತ್ತಿರಲಿಲ್ಲ. ಬಾಗಿಲು ದಾಟಿ ಬೀದಿಗಿಳಿದಾಗ ಅವರ ಕೈಯ ಮಣಿ ಹಗಲಿನಲ್ಲೂ ಕಾಣುವಷ್ಟು ಹೊತ್ತಿಕೊಂಡಿತ್ತು. ಎಷ್ಟೋ ವರ್ಷಗಳಿಂದ ಅದು ಮಂಕಾಗಿಯೇ ಇದ್ದದ್ದು. ನನ್ನ ಜ್ಞಾನದ ಹಸಿವು ತೀರುವುದಿಲ್ಲ ಎಂದು ಅವರು ಜನರ ಮುಂದೆ ಜಂಬದಿಂದ ತೋರಿಸುತ್ತಿದ್ದ ಮಣಿ ಅದು. ಈಗ ಅದನ್ನು ಶರ್ಟಿನ ತೋಳಿನೊಳಗೆ ಸರಿಸಿಕೊಂಡು ನಡೆದರು. ನಡೆಯುತ್ತಿದ್ದ ಹಾಗೆಯೇ ಒಂದು ಯೋಚನೆ ಬಂತು. ಬಂದದ್ದಲ್ಲ, ಶಿವ ಕೊಟ್ಟದ್ದು ಎಂದು ಅವರು ನಂಬಿದರು.

ಅಂದಿನಿಂದ ಅವರು ಊಟ ಬಿಟ್ಟರು. ಲಿಂಗಪೂಜೆ ಮಾಡಿ ಪಾದೋದಕ ತೆಗೆದುಕೊಳ್ಳುವರು, ನೀರು ಕುಡಿಯುವರು, ಅಷ್ಟೆ. ಸಮಿತಿ ಬಂದ ದಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಕಂಬ ಹಿಡಿದುಕೊಂಡರು.

ಸಮಿತಿಯ ಸದಸ್ಯರು ಉದ್ದನೆಯ ಮೇಜಿನ ಹಿಂದೆ ಕೂತಿದ್ದರು. ಅಧ್ಯಕ್ಷರು ಹಿರಿಯ ರಾಜಕಾರಣಿ, ಕನ್ನಡದವರೇ. ಅಭಿನಂದನೆಯ ಮಾತು ಆಡಿ, ಮಣಿಯ ಬಗ್ಗೆ ತಿಳಿಸಿರೆಂದರು. ಉಮಾಪತಿಯವರು ತಮ್ಮ ಜೊತೆ ತಂದಿದ್ದ ವೈದ್ಯರನ್ನು ಮುಂದೆ ಕರೆದರು. ವೈದ್ಯರು ಎಲ್ಲರ ಎದುರಿಗೇ ಅವರ ಬೆರಳಿನಿಂದ ರಕ್ತ ತೆಗೆದು ಪರೀಕ್ಷಿಸಿ, ಇವರು ಕೆಲವು ದಿನಗಳಿಂದ ಏನೂ ತಿಂದಿಲ್ಲ, ಹೀಗೇ ಬಿಟ್ಟರೆ ಬೀಳುತ್ತಾರೆ ಎಂದು ಹೇಳಿದರು. ಉಮಾಪತಿಯವರು ಶರ್ಟಿನ ತೋಳು ಮಡಚಿದರು. ಮಣಿ ಇದ್ದಷ್ಟೂ ಬೆಳಕು ಕೊಡುತ್ತಿತ್ತು.

"ಇದರ ಪ್ರಕಾರ ಈ ಸಭೆಯಲ್ಲಿ ನನ್ನಷ್ಟು ತುಂಬಿದವರು ಯಾರೂ ಇಲ್ಲ. ಇದು ತೃಪ್ತಿಯನ್ನ ಅಳೆಯೋದಿಲ್ಲ, ಸ್ವಾಮಿ. ನಾಚಿಕೆಯನ್ನ ಅಳೆಯುತ್ತೆ. ನಾಚಿಕೆ ಉಳಿದಿರೋ ಜನರಿಂದ ನಾವು ಕಂದಾಯ ಎತ್ತಿದ್ದೀವಿ. ಮಾಡಿದ್ದು ನಾನು."

ಸಭೆಯಲ್ಲಿ ಗುಜುಗುಜು ಎದ್ದಿತು. ಯಂತ್ರ ಒಂದು ಕೆಟ್ಟಿರಬಹುದು ಎಂದರೊಬ್ಬರು. ಬೇರೆ ಮಣಿಗಳನ್ನು ತರಿಸಿ ಕಟ್ಟಿದರು, ಅವೂ ಹಾಗೆಯೇ ಬೆಳಗಿದವು. ಅಧ್ಯಕ್ಷರು ಮುಂದಕ್ಕೆ ಬಾಗಿದರು. ಅವರ ಕೈಯ ಮಣಿಯಲ್ಲಿ ಯಾವ ಬೆಳಕೂ ಇರಲಿಲ್ಲ.

"ಹಸಿದವರೆಲ್ಲ ಹೀಗೆ ನಾಚೋದಿಲ್ಲವಲ್ಲ. ನಿಮಗೆ ಯಾಕೆ ಇಷ್ಟು ನಾಚಿಕೆ? ಕಾರಣ ಹೇಳಿ, ಬರೆಸಿಕೊಳ್ಳೋಣ."

ಇಂದುಮತಿ ಪಕ್ಕದಿಂದ ಅವರ ಮುಖ ನೋಡಿದರು. ಒಂದು ಹೆಸರು ಹೇಳಿದರೆ ಸಾಕಿತ್ತು. ಎದುರಿನ ಪಂಕ್ತಿ, ಬರಿದಾದ ಎಲೆ, ಬೆರಳ ಸಂದಿಯಲ್ಲಿ ಬಿದ್ದ ಅನ್ನ ಇಷ್ಟನ್ನು ಹೇಳಿದ್ದರೆ ಕಲ್ಲೂ ಕರಗುತ್ತಿತ್ತು.

"ಅದನ್ನ ಹೇಳಲಾರೆ," ಎಂದರು ಉಮಾಪತಿಯವರು.

"ಹೇಳದೆ ಹೋದರೆ ನಿಮ್ಮ ವಾದ ಅರ್ಧವೇ ಆಗುತ್ತೆ."

"ಆಗಲಿ."

ಎರಡನೆಯ ಸಲ ಕೇಳಿದರು, ಬೆದರಿಸಿ ಕೇಳಿದರು. ಕೀರ್ತಿ ಬೇಕೆಂದು ಈಗೊಂದು ನಾಟಕ ಹೂಡಿದ್ದಾರೆ ಎಂದು ಒಬ್ಬರು ಕೇಳುವ ಹಾಗೆಯೇ ಅಂದರು. ಉಮಾಪತಿಯವರು ನಿಂತೇ ಇದ್ದರು. ತಲೆ ತಗ್ಗಿತ್ತು, ಮಣಿ ಉರಿಯುತ್ತಿತ್ತು. ಮೇಜಿನ ತುದಿಯಲ್ಲಿ ಕೂತಿದ್ದ ಒಬ್ಬ ಹೆಂಗಸು, ಬೀದರಿನ ಕಡೆಯ ಸದಸ್ಯೆ, ಅಲ್ಲಿಯವರೆಗೆ ಮಾತಾಡದೆ ಇದ್ದವರು, ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡರು. ಎಳೆದುಕೊಂಡರೂ ಹಳದಿ ಬೆಳಕು ಸೋರಿತು. ಆಕೆ ಅಧ್ಯಕ್ಷರ ಕಡೆ ತಿರುಗಿ, ಅವರನ್ನು ಇನ್ನು ಕೇಳುವುದು ಬೇಡ, ನನಗೆ ಅರ್ಥವಾಯಿತು, ಈ ಕಾಯಿದೆಗೆ ನಾನು ಕೈ ಎತ್ತುವುದಿಲ್ಲ ಎಂದರು. ಅವರನ್ನು ನೋಡಿ ಇನ್ನೊಬ್ಬರೂ ಹಾಗೆಯೇ ಅಂದರು. ಒಮ್ಮತವಿಲ್ಲದೆ ದೇಶಕ್ಕೆ ತರುವುದು ಆಗದೆಂದು ಸಂಜೆಯ ಹೊತ್ತಿಗೆ ತೀರ್ಮಾನವಾಯಿತು. ರಾಜ್ಯದಲ್ಲೂ ಪುನಃ ಪರೀಕ್ಷೆಯಾಗುವವರೆಗೆ ಮಣಿಗಳನ್ನು ಬಿಚ್ಚಿಡಬಹುದೆಂದು ಆಜ್ಞೆ ಹೊರಟಿತು. ಇದುವರೆಗೆ ಕಟ್ಟಿದ್ದನ್ನು ಹಿಂದಕ್ಕೆ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಉಮಾಪತಿಯವರನ್ನು ಸಂಸ್ಥೆಯ ಕೆಲಸದಿಂದ ಬಿಡಿಸಿದರು. ಹೊರಗೆ ಬಂದಾಗ ಇಂದುಮತಿ ಅವರಿಗೆ ಆಟೋ ಹಿಡಿದು ಕೊಟ್ಟು, ಹಳೆಯ ತೆರಿಗೆಗಳನ್ನು ಮತ್ತೆ ತರಬೇಕು, ಅದಕ್ಕೆ ಮತ್ತೆ ಮಾನ ಇರುವವರೇ ಸಿಗುತ್ತಾರೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆಟೋದವನಿಗೆ ಅವರು ಸರಸ್ವತಿಪುರ ಎನ್ನಲಿಲ್ಲ, ಇಟ್ಟಿಗೆಗೂಡು ಎಂದರು.

ಗಿರಿಜಮ್ಮ ರೇಡಿಯೋದಲ್ಲಿ ಸುದ್ದಿ ಕೇಳಿದ್ದರು. ತಮ್ಮ ಒಳಗೆ ಬಂದು ಗೋಡೆ ಹಿಡಿದು ಕೂತುಕೊಳ್ಳುವುದನ್ನು ನೋಡಿದರು. ನೀರು ತಂದು ಮುಂದಿಟ್ಟರು.

"ನಾಚಿಕೆ ಯಾಕೆ ಅಂತ ಕೇಳಿದ್ರಂತೆ."

"ಕೇಳಿದ್ರು, ಅಕ್ಕ."

"ಏನಂದೆ?"

"ಏನೂ ಅನ್ನಲಿಲ್ಲ."

ಗಿರಿಜಮ್ಮ ಸೂಜಿಯನ್ನು ಸೀರೆಗೆ ಚುಚ್ಚಿ ಸೀರೆಯನ್ನು ಮಡಚಿಟ್ಟರು. ಮಣಿಕಟ್ಟಿನ ದಾರವನ್ನು ಬಿಚ್ಚಲು ಹೋದರು, ಗಂಟು ಬಿಗಿದಿತ್ತು. ಉಮಾಪತಿಯವರು ಹತ್ತಿರ ಸರಿದು ಬಿಚ್ಚಿಕೊಟ್ಟರು. ದಾರವಿದ್ದಲ್ಲಿ ಚರ್ಮ ಬೆಳ್ಳಗೆ ಒತ್ತಿಹೋಗಿತ್ತು. ಆ ಕೈ ಎಷ್ಟು ಸಣ್ಣದಾಗಿದೆ ಎಂಬುದು ಹಿಡಿದಾಗ ಅವರಿಗೆ ತಿಳಿಯಿತು.

"ಉಮಾ," ಎಂದರು ಗಿರಿಜಮ್ಮ. "ಹಸಿವಾಗ್ತಿದೆ ಕಣೋ."

ಹುಟ್ಟಿದಾಗಿನಿಂದ ಅಕ್ಕನ ಬಾಯಲ್ಲಿ ಆ ಮಾತನ್ನು ಅವರು ಕೇಳಿರಲಿಲ್ಲ. ಎದ್ದು ಒಲೆಯ ಮೂಲೆಗೆ ಹೋದರು. ಅಲ್ಲಿ ಡಬ್ಬಿಗಳು ಸಾಲಾಗಿ, ಚೆನ್ನಾಗಿ ತಿಕ್ಕಿ ಹೊಳಪಾಗಿ ಕೂತಿದ್ದವು. ತೆರೆದದ್ದರಲ್ಲಿ ಏನೂ ಇರಲಿಲ್ಲ. ಮತ್ತೊಂದರಲ್ಲೂ ಇರಲಿಲ್ಲ. ಪ್ರತಿಯೊಂದರ ಮುಚ್ಚಳವನ್ನೂ ಸದ್ದಾಗದ ಹಾಗೆ ಮುಚ್ಚುತ್ತ ಹೋದರು. ಮೂಲೆಯದರಲ್ಲಿ ತಳ ಮುಚ್ಚುವಷ್ಟು ರವೆ ಸಿಕ್ಕಿತು. ಒಲೆ ಹಚ್ಚಿ ನೀರಿಟ್ಟರು. ರವೆಯನ್ನು ಅಂಗೈಗೆ ಸುರಿದುಕೊಂಡು ಇಬ್ಬರಿಗೂ ಆದೀತೇ ಎಂದು ನೋಡಿದರು. ನೀರು ಕುದಿಯತೊಡಗಿತು. ಉಪ್ಪಿಗಾಗಿ ಗೂಡಿನಲ್ಲಿ ಹುಡುಕಿದರು, ಕಟ್ಟೆಯ ಕೆಳಗೆ ಹುಡುಕಿದರು. ಅಕ್ಕ ಇಷ್ಟು ವರ್ಷ ಇದ್ದ ಮನೆ. ಅವರು ಈ ಮೂಲೆಗೆ ಬಂದದ್ದು ಇದೇ ಮೊದಲು.

ಕೊನೆಗೆ ಬೆನ್ನು ತಿರುಗಿಸಿಕೊಂಡೇ ಕೇಳಿದರು:

"ಉಪ್ಪು ಎಲ್ಲಿಟ್ಟಿದ್ದೀ, ಅಕ್ಕ?"